ಅಪರೂಪದ ಗಂಟಲು

"ಬಾಯಿ ಅಗಲಿಸೇ. ಕಲ್ಲುಗಣೀಲಿ ಊರಿಗೆಲ್ಲ ಕೇಳೋ ಹಂಗೆ ಬೊಗಳ್ತಿದ್ದೆಯಂತೆ, ಇಲ್ಲೇನು ರೋಗ?" ದೊಡ್ಡಾಸ್ಪತ್ರೆಯ ದೊಡ್ಡ ಡಾಕ್ಟರು ಗದರಿದರು.

"ರೋಗ ತೋರಿಸೋಕೇ ಬಂದಿರೋದು ಸಾರ್," ಎಂದಳು ಜೊತೆಗೆ ಬಂದಿದ್ದ ನಾದಿನಿ.

ಗಣಿಯಲ್ಲಿ ಜಲ್ಲಿ ಹೊರುವ ಅತ್ತಿಗೆಯನ್ನು ಅವಳ ದೊಡ್ಡ ಗಂಟಲಿಗಾಗಿ ಎಲ್ಲರೂ ಕರೆಯುತ್ತಿದ್ದದ್ದು ನಗಾರಿ ಎಂದೇ. ಆರು ತಿಂಗಳ ಹಿಂದೆ ದನಿ ಒಡೆದಾಗ, "ಬೈಗುಳದ ಸ್ಟಾಕು ಮುಗೀತು ಬಿಡು," ಎಂದು ಮೇಸ್ತ್ರಿ ನಕ್ಕಿದ್ದ. ಗಣಿಯ ಡಾಕ್ಟರು ತಲೆ ಕೂಡ ಎತ್ತದೆ ಮೂರು ಸಲ ಕೆಮ್ಮಿನ ಸಿರಪ್ಪು ಬರೆದಿದ್ದರು. ತುತ್ತು ಇಳಿಯದಂತಾದ ಮೇಲೆ ನಾದಿನಿ ಅವಳನ್ನು ಇಲ್ಲಿಗೆ ಎಳೆತಂದಿದ್ದಳು.

ಮೂಗಿನಿಂದ ನಳಿಕೆ ಇಳಿಸಿದರು. ಗಂಟಲಿನ ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬಂದ ದಿನ ದೊಡ್ಡ ಡಾಕ್ಟರ ಮುಖ ಅರಳಿತು.

"ಕ್ಯಾನ್ಸರು. ಆದ್ರೆ ಲಕ್ಷಕ್ಕೊಬ್ಬರಿಗೂ ಬರದಂಥದ್ದು," ಎಂದರು, ಮಗು ಹುಟ್ಟಿದ ಸುದ್ದಿ ಹೇಳುವವರಂತೆ.

"ನಮ್ಮ ಪಾಲಿಗೆ ಬಂದಿದ್ರಲ್ಲಿ ಇದೊಂದೇ ನೋಡಿ ಸಾರ್ ಅಪರೂಪದ್ದು," ಎಂದಳು ನಾದಿನಿ.

ಅಂದಿನಿಂದ ನಗಾರಿಯ ಬಾಯಿಗೆ ಬಿಡುವಿಲ್ಲ. ದಿನಾ ಇಪ್ಪತ್ತು ವಿದ್ಯಾರ್ಥಿಗಳು ಟಾರ್ಚು ಹಿಡಿದು ಸಾಲಾಗಿ ಇಣುಕಿ ಹೋಗುತ್ತಿದ್ದರು. ಮುಖ ನೋಡಿದವರು ಒಬ್ಬರೂ ಇಲ್ಲ. ಮಲಗಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಆಪರೇಷನ್ ಯಾವಾಗ ಅಂದರೆ, "ಶುಕ್ರವಾರ ಹೊರಗಿನ ಡಾಕ್ಟರುಗಳು ನೋಡೋಕೆ ಬರ್ತಾರೆ. ಅಲ್ಲೀವರೆಗೂ ಗಡ್ಡೆ ಮುಟ್ಟೋ ಹಂಗಿಲ್ಲ," ಎಂಬ ಉತ್ತರ.

ಶುಕ್ರವಾರ ಬಿಳಿ ಕೋಟಿನ ಎಂಟು ಮಂದಿ ಮಂಚ ಸುತ್ತುವರಿದರು. ದೊಡ್ಡ ಡಾಕ್ಟರು ಟಾರ್ಚು ಹಚ್ಚಿ, "ಬಾಯಿ ತೆಗಿಯಮ್ಮಾ," ಎಂದರು. ಇದ್ದಕ್ಕಿದ್ದಂತೆ ತಾನು ಅಮ್ಮನಾದದ್ದಕ್ಕೆ ನಗಾರಿಗೆ ಒಳಗೊಳಗೇ ನಗು ಬಂತು. ತುಟಿ ಬಿಗಿದು ಕೂತಳು.

"ತೆಗಿಯೇ, ಮುಂಡೇದೇ," ಡಾಕ್ಟರು ಬಗ್ಗಿ ಪಿಸುಗುಟ್ಟಿದರು.

ಅವಳು ನಾದಿನಿಯನ್ನು ಹತ್ತಿರಕ್ಕೆ ಎಳೆದು ಕಿವಿಯಲ್ಲಿ ಗೊರಗೊರ ಎಂದಳು.

"ಆಪರೇಷನ್ ದಿನ ಬರೆದು ಸೈನ್ ಹಾಕೋವರೆಗೂ ಅಂಗಡಿ ಬಂದ್ ಅಂತೆ ಸಾರ್," ಎಂದಳು ನಾದಿನಿ. "ಅತ್ತಿಗೆ ಇನ್ನೂ ಒಂದು ಮಾತಂದ್ರು. ಅದನ್ನ ನನ್ನ ಬಾಯಲ್ಲಿ ಹೇಳಿಸಬೇಡಿ."

ಹೊರಗಿನವರಲ್ಲೊಬ್ಬರು ಕೆಮ್ಮುವ ನೆಪದಲ್ಲಿ ನಕ್ಕರು. ಚೀಟಿ ಬಂತು. ಸೋಮವಾರ ಎಂದಿತ್ತು. ನಾದಿನಿ ಅದನ್ನು ಎರಡು ಸಲ ಓದಿ ಹೇಳಿದ ಮೇಲೆ ನಗಾರಿ ಬಾಯಿ ತೆರೆದಳು.

ಸೋಮವಾರ ಆಪರೇಷನ್ ಆಯಿತು. ಗಡ್ಡೆಯ ಜೊತೆ ದನಿಯೂ ಹೋಯಿತು. ಉಸಿರಾಡಲು ಕುತ್ತಿಗೆಯಲ್ಲೊಂದು ತೂತು ಉಳಿಯಿತು. ವಾರ ಕಳೆದು ವಿದ್ಯಾರ್ಥಿಗಳು ಮತ್ತೆ ಬಂದಾಗ, ಮುಂದೆ ನಿಂತವನ ಟಾರ್ಚಿನ ಕೈಯನ್ನು ಹಿಡಿದು ಅವಳು ಪಕ್ಕದ ಮಂಚದತ್ತ ತಿರುಗಿಸಿದಳು. ಅಲ್ಲಿ ಇಟ್ಟಿಗೆ ಹೊರುವ ಮುದುಕಿಯೊಬ್ಬಳು ತಿಂಗಳಿಂದ ಬಾಯಿ ತೆರೆದೇ ಮಲಗಿದ್ದಳು. ಅವಳದು ಮಾಮೂಲಿ ಕ್ಯಾನ್ಸರು. ಯಾರೂ ಇಣುಕಿರಲಿಲ್ಲ.

ಹುಡುಗ ಕೈ ಬಿಡಿಸಿಕೊಳ್ಳಲು ನೋಡಿದ. ನಗಾರಿ ಬಿಡಲಿಲ್ಲ.