ಕೂಗದ ರಾಟೆ

ವೇಣೂರಿನ ಒಳದಾರಿಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದ ಅಬ್ದುಲ್ ರವೂಫ್ ಊರಿಗೆಲ್ಲ ಎಣ್ಣೆ ಮಾರುತ್ತಿದ್ದ. ಅವನ ಮನೆಯ ಬಾವಿಯ ರಾಟೆಗೆ ಮಾತ್ರ ಒಂದು ತೊಟ್ಟು ಎಣ್ಣೆ ಬಿದ್ದಿರಲಿಲ್ಲ. ಬೆಳಗಿನ ನಮಾಝ್ ಮುಗಿಸಿ ಹೆಂಡತಿ ಸಾಲಿಹಾ ನೀರು ಸೇದಲು ನಿಂತರೆ ಅದು ಕಿರ್ರೋ ಎಂದು ಊರೆಬ್ಬಿಸುತ್ತಿತ್ತು. "ನಾಳೆ ಬಿಡ್ತೇನೆ ಎಣ್ಣೆ" ಎನ್ನುತ್ತಲೇ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದವು. ಅಕ್ಕಿಮೂಟೆ ಎತ್ತುವ ಕೈ ಎರಡು ನಿಮಿಷದ ಕೆಲಸಕ್ಕೆ ಏಕೆ ಏಳುವುದಿಲ್ಲ ಎಂಬುದು ಅವನಿಗೇ ಸೋಜಿಗವಾಗಿತ್ತು.

ಬೇಲಿಯಾಚೆ ಬೀಡಿ ಕಟ್ಟುವ ಪೂವಮ್ಮನ ಮನೆ. ಅವಳ ಮಗಳು ಕಾಂತಿಗೆ ಮರುದಿನದಿಂದ ಮೂಡುಬಿದಿರೆಯಲ್ಲಿ ಪಿಯುಸಿ ಪರೀಕ್ಷೆ. ಆ ಮನೆಯಲ್ಲಿ ಅಷ್ಟು ಓದಿದವರು ಇನ್ನೊಬ್ಬರಿಲ್ಲ. ಹೊತ್ತಿಗೆ ಸರಿಯಾಗಿ ತಲುಪಿಸುವುದು ಬೆಳಗಿನ ಮೊದಲ ಬಸ್ಸೊಂದೇ. ಸಂಜೆ ಜಗಲಿಯಲ್ಲಿ ಪುಸ್ತಕದ ಮೇಲೆ ತೂಕಡಿಸುತ್ತಿದ್ದ ಹುಡುಗಿಯನ್ನು ಕಂಡು ರವೂಫ್‌ಗೆ ನಾಚಿಕೆಯಾಯಿತು. ಪಾಪ, ಇವಳ ನಿದ್ದೆಗೂ ನಮ್ಮ ರಾಟೆಯ ಕಾಟ. ಆಗಲೇ ಹೋಗಿ ಎಣ್ಣೆ ಬಿಟ್ಟ.

ಬೆಳಿಗ್ಗೆ ರಾಟೆ ಸದ್ದಿಲ್ಲದೆ ತಿರುಗಿತು.

"ಇವತ್ತು ಸೂರ್ಯ ಯಾವ ಕಡೆ ಹುಟ್ತಾನೋ" ಎಂದಳು ಸಾಲಿಹಾ.

ಬೀಗುತ್ತ ನಿಂತವನು ಬೇಲಿಯಾಚೆ ನೋಡಿದ. ದೀಪವಿಲ್ಲ, ಒಲೆಯ ಹೊಗೆಯಿಲ್ಲ. ಪರೀಕ್ಷೆಯ ದಿನ ಇದೇನು? ಚಾ ಕುಡಿದು ಆಮೇಲೆ ವಿಚಾರಿಸುವ ಎಂದು ಒಳಗೆ ತಿರುಗಿದ. 'ಆಮೇಲೆ' ಎಂದದ್ದೇ ಅವನಿಗೆ ಭಯವಾಯಿತು. ಅಲ್ಲಿಂದಲೇ ಬೇಲಿ ದಾಟಿ ಬಾಗಿಲು ಬಡಿದ.

ಪೂವಮ್ಮ ಕಣ್ಣುಜ್ಜುತ್ತ ಬಂದಳು. "ಏನು ರವೂಫಾಕ, ನಿಮ್ಮ ರಾಟೆ ಇನ್ನೂ ಕೂಗ್ಲಿಲ್ಲ ಅಲ್ವಾ?"

"ನಿಮ್ಮಲ್ಲಿ ಅಲಾರಾಂ ಇಲ್ವಾ ಮಾರಾಯ್ತಿ?"

"ಉಂಟು. ಅದಕ್ಕೆ ಸೆಲ್ ತರ್ಬೇಕು, ನಾಳೆ ನಾಳೆ ಅಂತ... ನಿಮ್ಮ ರಾಟೆ ಉಂಟಲ್ಲ ಅಂತ ಧೈರ್ಯ."

ಕಾಂತಿ ಬಾಚಣಿಗೆ ಕೈಯಲ್ಲೇ ಹಿಡಿದು ಓಡಿದಳು. ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ರವೂಫ್ ಲುಂಗಿ ಎತ್ತಿಕಟ್ಟಿ ಅವಳಿಗಿಂತ ಮುಂದೆ ಓಡಿ ರಸ್ತೆಗೆ ಅಡ್ಡ ನಿಂತ. ಕಂಡಕ್ಟರ್ ಬಾಯಿಗೆ ಬಂದಂತೆ ಬೈದ, ಹುಡುಗಿ ಹತ್ತಿದಳು. ಏದುಸಿರು ಬಿಡುತ್ತಿದ್ದ ರವೂಫ್‌ಗೆ ಕಣ್ಣು ತುಂಬಿ ಬಂತು.

ಅಂಗಡಿ ತೆರೆದವನೇ ಅವನು ಮೊದಲು ಪೂವಮ್ಮನಿಗೆ ಸೆಲ್ ಕೊಟ್ಟುಬಂದ. ಆದರೂ ನಂಬಿಕೆ ಸಾಲದೆ, ಪರೀಕ್ಷೆ ಮುಗಿಯುವವರೆಗೂ ದಿನಾ ಬೆಳಿಗ್ಗೆ ಬೇಲಿಯ ಹತ್ತಿರ ನಿಂತು "ಕಾಂತೀ, ಏಳು" ಎಂದು ಗಂಟಲು ಹರಿಯುವಂತೆ ಕೂಗಿದ.

"ರಾಟೆ ಸುಮ್ಮನಾಯ್ತು" ಎಂದಳು ಬಾವಿಕಟ್ಟೆಯಲ್ಲಿದ್ದ ಸಾಲಿಹಾ. "ಇನ್ನು ನಿಮಗೆ ಎಣ್ಣೆ ಬಿಡ್ಬೇಕು."