ಗಾಡಿಯ ಹಿಂದೆ ನಿಂತು ನೋಡಿದ್ದು

ಆಲ್ಕೊಳದ ಪೀರ್ ಬಾಷಾನ ಶೆಡ್ಡಿಗೆ ಬರುವ ಹೊತ್ತಿಗೆ ಗಣಪಯ್ಯನ ಹಳೇ ಪಿಕಪ್ಪಿಗೆ ಮೂವರು ಮೆಕ್ಯಾನಿಕ್‌ಗಳ ಕೈಗುಣ ತಾಗಿತ್ತು. ಹಗಲು ಬೆಳಕಲ್ಲಿ ನೋಡಿದ ಮೂವರಿಗೂ ಬ್ರೇಕ್ ಲೈಟು ಚೆನ್ನಾಗಿಯೇ ಹತ್ತಿತ್ತು. ಆದರೂ ಗಿರಾಕಿಯನ್ನು ಬರಿಗೈಲಿ ಕಳಿಸಬಾರದಲ್ಲ. ಒಬ್ಬ ಬಲ್ಬು ಬದಲಿಸಿದ, ಇನ್ನೊಬ್ಬ ಬ್ರೇಕ್ ಒತ್ತಿದಾಗ ಲೈಟು ಹತ್ತಿಸುವ ಸ್ವಿಚ್ಚು. ಮೂರನೆಯವನು ಆ ಸ್ವಿಚ್ಚನ್ನು ಪೆಡಲ್ಲಿಗೆ ಒತ್ತಿ ಬಿಗಿದ. ಈಗ ಕಾಲು ತೆಗೆದರೂ ಬ್ರೇಕು ಬಿಡುತ್ತಿರಲಿಲ್ಲ. ದೀಪಕ್ಕೆ ಕೊಟ್ಟ ಮದ್ದು ಚಕ್ರಕ್ಕೆ ಹತ್ತಿತ್ತು.

ಗಣಪಯ್ಯನಿಗೆ ಬೇಕಿದ್ದದ್ದು ರಿಪೇರಿಯಲ್ಲ, ಒಂದು ಉತ್ತರ. ಹೋದ ತಿಂಗಳು ಮಬ್ಬುಗತ್ತಲಲ್ಲಿ, ಹೆಡ್‌ಲೈಟ್ ಹಾಕಿಕೊಂಡು ಬರುವಾಗ, ಭದ್ರಾವತಿ ರಸ್ತೆಯಲ್ಲಿ ದನ ಅಡ್ಡ ಬಂತೆಂದು ಅವನು ಬ್ರೇಕ್ ಹಾಕಿದ್ದ. ಹಿಂದೆ ಸ್ಕೂಟರಿನಲ್ಲಿದ್ದ ಮಲ್ಲಿಕ್ ಬಂದು ಗುದ್ದಿ ಸತ್ತ. ಕಾಗದನಗರದ ಕ್ವಾರ್ಟರ್ಸಿನಲ್ಲಿ ಇಬ್ಬರ ಮನೆಗೂ ಒಂದೇ ಗೋಡೆ; ಅದರಾಚೆ ಈಗ ಮಲ್ಲಿಕ್‌ನ ಹೆಂಡತಿ ತನುಜಾ.

"ತನುಜಾ ಕೇಳಿದ್ದು ಒಂದೇ ಮಾತು ಬಾಷಾ. ನಮ್ಮನೆಯವ್ರು ನೋಡದೆ ಬಂದ್ರಾ, ನಿಮ್ಮ ಲೈಟು ಹತ್ತಿರ್ಲಿಲ್ವಾ ಅಂತ. ಹತ್ತಿತ್ತು ಕಣಮ್ಮ ಅಂದೆ."

"ಕೂತ್ಕೊಳಿ ಗಣಪಯ್ಯನೋರೆ. ಬ್ರೇಕ್ ಒತ್ತಿ."

ಹಿಂದೆ ಕೆಂಪು ಹತ್ತಿತು.

"ಹತ್ತಿತಾ?"

"ಹತ್ತಿತು. ಈಗ ಹೆಡ್‌ಲೈಟ್ ಹಾಕಿ ಒತ್ತಿ."

ಹೆಡ್‌ಲೈಟಿನ ಜೊತೆ ಹಿಂದೆ ಹತ್ತಿದ್ದ ಮಿಣುಕು ಕೆಂಪೂ ಬ್ರೇಕ್ ಒತ್ತಿದೊಡನೆ ಆರಿತು. ಇಂಡಿಕೇಟರ್ ಮಾತ್ರ ಮಂಕಾಗಿ ಹತ್ತಿ, ಸತ್ತವನ ಕಣ್ಣಿನಂತೆ ಅರೆತೆರೆದಿತ್ತು.

"ಹತ್ತಿತಾ ಮಾರಾಯ?"

ಬಾಷಾ ಗಾಡಿಯಡಿ ತೂರಿದ. ಹೊರಗೆ ಬಂದದ್ದು ಹಿಂದಿನ ಲೈಟುಗಳ ಅರ್ತ್ ವೈರನ್ನು ಗಾಡಿಯ ಮೈಗೆ ಬಿಗಿಯುವ ಬೋಲ್ಟು ಹಿಡಿದುಕೊಂಡು. ಬೋಲ್ಟಿನಡಿ ದಪ್ಪ ಹಸಿರು ಪೇಂಟು.

"ಪೇಂಟ್ ಅಡ್ಡ ಕೂತಿದೆ, ಕರೆಂಟಿಗೆ ವಾಪಸ್ ಹೋಗಕ್ಕೆ ಸರಿಯಾದ ದಾರಿನೇ ಇಲ್ಲ. ಒಂದು ಲೈಟಿದ್ರೆ ಹೆಂಗೋ ಹತ್ತುತ್ತೆ, ಎರಡಾದ್ರೆ ಎರಡೂ ಸಾಯ್ತವೆ." ಮುಂದಿನ ಪ್ರಶ್ನೆ ಕೇಳಲು ಅವನಿಗೆ ಮನಸ್ಸಿರಲಿಲ್ಲ, ಆದರೂ ಬಾಯಿಗೆ ಬಂತು. "ಪೇಂಟ್ ಯಾವ ಶೆಡ್ಡಲ್ಲಿ ಹೊಡೆಸಿದ್ದು?"

ಗಣಪಯ್ಯ ಇಳಿದು ಬಂದು ಬೋಲ್ಟು ನೋಡಿದ. ಪ್ರತಿ ಆಯುಧಪೂಜೆಗೆ ಗಾಡಿಗೆ ತಾನೇ ಕೂತು ಬಣ್ಣ ಬಳಿಯುವುದು ಅವನ ಹೆಮ್ಮೆ. ಹೋದ ಸಲ ಅಡಿಯಲ್ಲೂ ಬಿಡಬಾರದೆಂದು ಬೋಲ್ಟು ಬಿಚ್ಚಿ, ಬಳಿದು, ಒಣಗಿಸಿ ಬಿಗಿದಿದ್ದ. ಡಬ್ಬಿ ಹಿಡಿದುಕೊಂಡು ನಿಂತವನು ಮಲ್ಲಿಕ್.

"ನಂದೇ ಕೈ," ಎಂದ.

ಬಾಷಾ ಪೇಂಟು ಕೆರೆದು ಬೋಲ್ಟು ಕೂರಿಸಿದ, ಪೆಡಲ್ಲಿನ ಸ್ವಿಚ್ಚು ಸಡಿಲಿಸಿದ. ಈ ಸಲ ಗಣಪಯ್ಯ ಗಾಡಿ ಹತ್ತಲಿಲ್ಲ. ಹಿಂದೆ ಸ್ಕೂಟರ್ ಬರುವಷ್ಟು ದೂರದಲ್ಲಿ ಹೋಗಿ ನಿಂತ.

"ಒತ್ತು ಬಾಷಾ."

ಕೆಂಪು ಅವನ ಮುಖಕ್ಕೆ ರಾಚಿತು.

"ಸಾಕಾ?"

"ಇನ್ನೂ ಸ್ವಲ್ಪ ಒತ್ಕೊಂಡಿರು."

ಆಮೇಲೆ ಕೀ ಬಾಷಾನ ಹತ್ತಿರವೇ ಬಿಟ್ಟು, ತನುಜಾಳ ಮನೆಗೆಂದು ಭದ್ರಾವತಿ ಬಸ್ಸು ಹಿಡಿಯಲು ನಡೆದ.