ಆಚೆದಂಡೆಯ ಕುರ್ಚಿ

ನಾನು ಒಂದು ಕುರ್ಚಿ. ಸಾಗವಾನಿ ಮರದ್ದು, ಎರಡು ಕೈಗಳಿರುವಂಥದ್ದು. ಬಿಳಿಗುಂದಿ ಸಂಸ್ಥಾನದ ಅರಸರು ಪ್ರಜೆಗಳಿಗೆ ಸಂವಿಧಾನ ಕೊಟ್ಟ ವರ್ಷ ಬಡಿಗೇರ ಮೌನಪ್ಪ ನನ್ನನ್ನು ಮಾಡಿದ. ಇನ್ನು ಮೇಲೆ ಶಾಸನಸಭೆ ಕಾನೂನು ಮಾಡುವುದು, ಅರಸರು ಮುದ್ರೆ ಒತ್ತುವುದು ಎಂದು ಏರ್ಪಾಡಾಗಿತ್ತು. ಸಭೆಗೆ ನನ್ನಂಥ ಇಪ್ಪತ್ತೊಂದು ಕುರ್ಚಿ ಬೇಕಾದವು. ಅವು ಅರಸರ ಆಸನಕ್ಕಿಂತ ನಾಲ್ಕು ಬೆರಳು ತಗ್ಗಿರಬೇಕೆಂದು ದಿವಾನರು ಹೇಳಿ ಕಳಿಸಿದ್ದರು. "ನಾಕ ಬೆರಳು ಅಂದ್ರ ಯಾರ ಬೆರಳ್ರೀ, ನಂದೋ ದಿವಾನ್ರದೋ?" ಎಂದು ಮೌನಪ್ಪ ಗೊಣಗುತ್ತಲೇ ನನ್ನ ಕಾಲುಗಳನ್ನು ಕೊಯ್ದ.

ನಾನು ಆಚೆದಂಡೆಯ ಸದಸ್ಯರ ಕುರ್ಚಿ. ಹೊಳೆಯ ಆಚೆಗಿದ್ದ ಹನ್ನೆರಡು ಹಳ್ಳಿಗಳಿಗೆ ಆ ಹೆಸರು. ಮೊದಲ ಐದು ವರ್ಷ ಅರಮನೆಯೇ ನೇಮಿಸಿದ ಒಬ್ಬ ದೇಸಾಯರು ನನ್ನ ಮೇಲೆ ಕೂತು ನಿದ್ದೆ ಮಾಡಿದರು. ಆಮೇಲೆ ಚುನಾವಣೆ ಬಂತು, ಕಾಶವ್ವ ಅಂಬಿಗೇರ ಗೆದ್ದು ಬಂದಳು. ಆಕೆ ಸೂಲಗಿತ್ತಿ. ಆಸ್ಪತ್ರೆ, ಹೈಸ್ಕೂಲು, ಕೋರ್ಟು ಎಲ್ಲ ಈಚೆದಂಡೆಯಲ್ಲಿದ್ದವು. ಹೊಳೆ ತುಂಬಿದರೆ ದೋಣಿ ನಿಲ್ಲುತ್ತಿತ್ತು. ಹೆರಿಗೆ ಕಷ್ಟವಾದ ಇಬ್ಬರು ಹೆಣ್ಣುಮಕ್ಕಳು ಒಂದೇ ಮಳೆಗಾಲದಲ್ಲಿ ದಂಡೆಯ ಮರಳಿನ ಮೇಲೆ, ಆಕೆಯ ತೊಡೆಯ ಮೇಲೆ ಪ್ರಾಣ ಬಿಟ್ಟಿದ್ದರು. ಅಂದಿನಿಂದ ಕಾಶವ್ವನದು ಒಂದೇ ಮಾತು: ನಮ್ಮ ಆಡಳಿತ ನಮಗೆ ಬಿಡಿ.

ಪಕ್ಕದ ಕುರ್ಚಿಯಲ್ಲಿ ವಕೀಲ ಗುರುನಾಥ ಹಂಚಿನಮನಿಯವರು ಕೂರುತ್ತಿದ್ದರು. ಅರಸೊತ್ತಿಗೆಯೇ ಬೇಡ, ಗಣರಾಜ್ಯ ಬೇಕು ಎಂದು ಎರಡು ಸಲ ಜೈಲು ಕಂಡವರು. ಒಂದು ದಿನ ಅವರು ಅದೇ ಠರಾವು ತಂದರು. ಹತ್ತು ಮಂದಿ ಪರ, ಹತ್ತು ಮಂದಿ ವಿರೋಧ. ಉಳಿದದ್ದು ಕಾಶವ್ವನ ಒಂದು ಮತ.

ಬೆಳಗ್ಗೆಯೇ ದಿವಾನರು ಆಕೆಯ ಬಳಿ ಬಂದು, ಅರಸರ ಪರ ಕೈ ಎತ್ತಿದರೆ ಹೊಳೆಗೆ ಸೇತುವೆ ಕಟ್ಟಿಸುವುದಾಗಿ ಹೇಳಿ ಹೋಗಿದ್ದರು. ಆಕೆಯ ಹಿಮ್ಮಡಿ ನೆಲವನ್ನು ಒತ್ತುತ್ತಿತ್ತು. ಕೊನೆಗೆ ಆಕೆ ಎದ್ದು ನಿಂತಳು.

"ಅರಸರು ಬ್ಯಾಡ ಅನ್ನೂದು ನನ್ನ ಮಾತೂ ಹೌದು, ವಕೀಲ್ರ. ಆದ್ರ ಒಂದು ಸಾಲು ಸೇರಸ್ರಿ. ಆಚೆದಂಡಿ ಹನ್ನೆರಡು ಊರು ತಮ್ಮ ದಾರಿ ತಾವ ನೋಡ್ಕೋಬಹುದು ಅಂತ."

ಗುರುನಾಥರು ಆಕೆಯ ಕಡೆ ತಿರುಗಲೇ ಇಲ್ಲ. "ಒಡೆಯೂ ಮಾತು ಇಲ್ಲಿ ಬರೂದಿಲ್ಲ, ಕಾಶವ್ವ. ಮೊದಲು ಸಿಂಹಾಸನ ಹೋಗ್ಲಿ. ಉಳಿದದ್ದು ಆಮ್ಯಾಲೆ."

"ಆಮ್ಯಾಲೆ ಅನ್ನೂದನ್ನ ನಾವು ಭಾಳ ದಿನದಿಂದ ಕೇಳೀವಿ," ಎಂದು ಆಕೆ ಕೂತಳು. ಮತಕ್ಕೆ ಹಾಕಿದಾಗ ಯಾವ ಕಡೆಗೂ ಕೈ ಎತ್ತಲಿಲ್ಲ. ಎರಡೂ ಕಡೆ ಸಮ ಬಂತು. ಸಭಾಪತಿಗಳು ತಮ್ಮ ನಿರ್ಣಾಯಕ ಮತವನ್ನು ಅರಸರಿಗೆ ಕೊಟ್ಟರು, ಠರಾವು ಬಿತ್ತು.

ಹೊರಗೆ ಗಣರಾಜ್ಯದವರು ಆಕೆಯನ್ನು ದ್ರೋಹಿ ಎಂದು ಕೂಗಿದರು. ಅರಮನೆಯವರೂ ಅದನ್ನೇ ಅಂದರು. ಆಕೆಯ ಮೈದುನ ಯಮನಪ್ಪ ಒಳಗೆ ನುಗ್ಗಿ ನನ್ನನ್ನು ಎತ್ತಿ ತಲೆಯ ಮೇಲೆ ಹೊತ್ತ. "ಈ ಕುರ್ಚಿ ನಮ್ಮ ದಂಡಿದು. ಅಲ್ಲೇ ಇರ್ಲಿ," ಎಂದ. ಹೀಗೆ ನಾನು ಹೊಳೆ ದಾಟಿದೆ.

ದೋಣಿ ರಿಪೇರಿ ಮಾಡುವ ಚಪ್ಪರದಲ್ಲಿ ಊರಿಗೊಬ್ಬರಂತೆ ಹನ್ನೆರಡು ಮಂದಿ ಸೇರಿ, ಆಚೆದಂಡೆ ಇನ್ನು ಬೇರೆ ಎಂದು ಸಾರಿದರು. ಎದುರಿನ ದಂಡೆಯಲ್ಲಿ ಅರಸರ ಸಿಪಾಯಿಗಳು ಬಂದೂಕು ಹಿಡಿದು ಸಾಲುಗಟ್ಟಿದರು. ಕಾಶವ್ವ ಎಲ್ಲರ ಜೊತೆ ಚಾಪೆಯ ಮೇಲೆ ಕೂರುತ್ತೇನೆಂದಳು. ಜನ ಕೇಳಲಿಲ್ಲ. ಮೂರನೇ ದಿನ ಯಾರೋ ನನ್ನ ಬೆನ್ನಿಗೆ ಕುಂಕುಮ ಹಚ್ಚಿದರು. ವಾರದೊಳಗೆ ನನ್ನ ಕೆಳಗೆ ಹಲಗೆಯ ಕಟ್ಟೆ ಬಂತು. ಒಬ್ಬ ಮುದುಕ ಕೆರ ಕಳಚಿಟ್ಟು ಬಂದು, "ದೊರೆಸಾನಿ" ಎಂದು ಅಡ್ಡಬಿದ್ದಾಗ ಆಕೆ ನನ್ನ ಅಂಚಿಗೆ ಸರಿದು ಕೂತದ್ದು ನನಗೆ ಮಾತ್ರ ತಿಳಿಯಿತು.

ಹತ್ತನೇ ದಿನ ಹುಲಗಿನಾಳದ ಬಾಳಪ್ಪ ಎದ್ದು ನಿಂತ. ಹನ್ನೆರಡರಲ್ಲಿ ಹೊಳೆಯ ಮೇಲ್ಮುಖಕ್ಕೆ ತೀರ ಕೊನೆಯ ಊರು ಅವನದು.

"ನಮ್ಮೂರು ಇದರಾಗ ಬ್ಯಾಡವ್ವ. ನಾವು ಬಿಳಿಗುಂದಿ ಕೂಡನ ಇರ್ತೀವಿ."

"ಒಡೆಯೂ ಮಾತು ಇಲ್ಲಿ ಬರೂದಿಲ್ಲ, ಬಾಳಪ್ಪ," ಎಂದಳು ಕಾಶವ್ವ.

ಯಮನಪ್ಪನೂ ನಾಲ್ಕಾರು ಜನರೂ ದೋಣಿಯ ಹುಟ್ಟುಗಳನ್ನು ಕೈಗೆ ತೆಗೆದುಕೊಂಡು ಬಾಳಪ್ಪನನ್ನು ಸುತ್ತುವರಿದರು. "ಹೂಂ ಅನ್ನು ವೈನಿ. ಸಂಜಿಯೊಳಗ ಹುಲಗಿನಾಳ ನಮ್ಮ ಕೈಯಾಗಿರ್ತದ," ಎಂದ ಯಮನಪ್ಪ.

ಆಕೆಯ ಬೆರಳು ನನ್ನ ಕೈಗಳನ್ನು ಬಿಗಿಯಾಗಿ ಹಿಡಿದವು. ಎಷ್ಟು ಹೊತ್ತೋ. ಆಮೇಲೆ ಬಿಟ್ಟವು. ಆಕೆ ಕಟ್ಟೆಯಿಂದ ಇಳಿದು ಹೋಗಿ ಬಾಳಪ್ಪನಿಗೂ ಹುಟ್ಟುಗಳಿಗೂ ನಡುವೆ ನಿಂತಳು.

"ಇದು ನಿನ್ನೊಬ್ಬನ ಮಾತೋ, ಊರ ಮಾತೋ?"

"ಊರ ಮಾತವ್ವ. ಹೆಣ್ಮಕ್ಕಳನ್ನೂ ಕೇಳೀವಿ."

"ಹಂಗಾದ್ರ ಹೋಗು. ಯಾರೂ ತಡಿಯೂದಿಲ್ಲ."

ಯಮನಪ್ಪ ಹುಟ್ಟನ್ನು ನೆಲಕ್ಕೆ ಬಿಸಾಡಿದ. "ಇವತ್ತ ಅವ, ನಾಳೆ ಮತ್ತೊಬ್ಬ. ಕಡೀಕ ನಿನಗೇನು ಉಳಿತದ?" ಎಂದ.

ವಾರದಲ್ಲಿ ಇನ್ನೂ ಮೂರು ಊರು ಹಿಂದೆ ಸರಿದವು. ಆಮೇಲೆ ಸಿಪಾಯಿಗಳು ಹೊಳೆ ದಾಟಿದರು. ಆಕೆಯನ್ನು ಕೈದುಮಾಡಿದರು, ನನ್ನನ್ನು ಸಾಕ್ಷಿಯಾಗಿ ಕೋರ್ಟಿಗೆ ತಂದಿಟ್ಟರು. "ಈ ಕುರ್ಚಿಯಲ್ಲಿ ಕೂತು ರಾಜ್ಯವಾಳಿದ್ದು ನಿಜವೇ?" ಎಂದು ನ್ಯಾಯಾಧೀಶರು ಕೇಳಿದರು. "ಕೂತಿದ್ದು ಖರೆ. ಇಳದದ್ದೂ ನಾನ," ಎಂದಳು. ಗುಮಾಸ್ತ ಮೊದಲ ಮಾತನ್ನಷ್ಟೇ ಬರೆದುಕೊಂಡ.

ತೀರ್ಪು ಬರುವ ಮೊದಲೇ ಅರಸರು ವಿಲೀನಪತ್ರಕ್ಕೆ ಸಹಿ ಹಾಕಿದರು. ಸಂಸ್ಥಾನ ದೊಡ್ಡ ದೇಶದಲ್ಲಿ ಸೇರಿಹೋಯಿತು. ಮೊಕದ್ದಮೆ ನಿಂತಿತು, ಕಾಶವ್ವ ಬಿಡುಗಡೆಯಾದಳು. ಗುರುನಾಥರಿಗೆ ಗಣರಾಜ್ಯ ಸಿಕ್ಕಿತು, ಆದರೆ ಅವರು ಕೂರುತ್ತಿದ್ದ ಸಭೆಯೇ ಇಲ್ಲವಾಯಿತು. ಆ ಕಟ್ಟಡ ತಹಶೀಲ್ದಾರ ಕಚೇರಿಯಾಯಿತು. ನನ್ನನ್ನು ಅದರ ಪಡಸಾಲೆಗೆ ಹಾಕಿದರು.

ಈಗ ನನ್ನ ಒಂದು ಕೈ ಮುರಿದಿದೆ. ಆಚೆದಂಡೆ ಬೇರೆಯಾಗಿದ್ದರೆ ಏನಾಗುತ್ತಿತ್ತೆಂದು ನನಗೆ ಗೊತ್ತಿಲ್ಲ. ಆ ಇಬ್ಬರು ಹೆಣ್ಣುಮಕ್ಕಳ ಸಾವಿಗೆ ಯಾರೂ ಉತ್ತರ ಕೊಡಲಿಲ್ಲವೆಂಬುದು ಗೊತ್ತಿದೆ. ನನ್ನ ಮೇಲೆ ಕೂತವರಲ್ಲಿ ತಾನಾಗಿ ಇಳಿದವಳು ಒಬ್ಬಳೇ ಎಂಬುದೂ ಗೊತ್ತಿದೆ.

ಒಂದು ಮಧ್ಯಾಹ್ನ ಆಕೆ ಯಾವುದೋ ಅರ್ಜಿ ಹಿಡಿದು ಬಂದಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿದಳೋ ಇಲ್ಲವೋ. ಮಂಡಿ ನೋಯುವ ಯಾವುದೇ ಮುದುಕಿ ಕೂರುವ ಹಾಗೆ, "ಉಸ್" ಎಂದು ಕೂತಳು. ಗುಮಾಸ್ತ ಹೆಸರು ಕರೆದಾಗ ಎದ್ದು ಹೋದಳು. ಸಾಲಿನಲ್ಲಿ ಆಕೆಯ ಹಿಂದಿದ್ದವರು ಬಂದು ಕೂತರು.